ಖುರಾಕು ಮತ್ತು ಸಾಮು

ನನ್ನ ಎಡ ಮೀನಖಂಡದ ಸುತ್ತಳತೆ ಬಲಗಾಲಿನದಕ್ಕಿಂತ ಮೂರು ಸೆಂಟಿಮೀಟರ್ ಕಡಿಮೆಯಿದೆ ಎಂದು ಫಿಜಿಯೋಥೆರಪಿಯ ಹುಡುಗಿ ದರ್ಜಿಗಳು ಬಳಸುವಂಥ ಟೇಪಿನಿಂದ ಅಳೆದು ಹೇಳಿದಾಗ, ನನಗೆ ತಟ್ಟನೆ ನೆನಪಾದದ್ದು ಅಡಿಗೆಮನೆಯ ಮಾಡದಲ್ಲಿ ಸಾಲಾಗಿ ಇಟ್ಟಿದ್ದ ಐದು ಖಾಲಿ ಡಬ್ಬಿಗಳು. ಜುಲೈ ತಿಂಗಳ ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಹಿತ್ತಲ ಮೆಟ್ಟಿಲಿನ ಪಾಚಿಯ ಮೇಲೆ ಜಾರಿ ಪಾದದ ಕೀಲಿನ ಎಲುಬು ಮುರಿದುಕೊಂಡು, ಮೊಣಕಾಲಿನ ಕೆಳಗೆಲ್ಲ ಪ್ಲಾಸ್ಟರ್ ಹಾಕಿಸಿಕೊಂಡು, ಆರು ವಾರ ನಾನು ಮಂಚದ ಮೇಲೆ ಕಳೆದಿದ್ದೆ. ಆ ಆರು ವಾರಗಳಲ್ಲಿ ದಿನಕ್ಕೆ ಎರಡು ಸಲ, ಒಂದು ಹೊತ್ತೂ ತಪ್ಪಿಸದೆ, ಔಷಧ ಅಂಗಡಿಯಿಂದ ತಂದ ಪ್ರೋಟೀನ್ ಪುಡಿಯನ್ನು ಹಾಲಿನಲ್ಲಿ ಕಲಸಿ ಕುಡಿದಿದ್ದೆ. ಒಂದು ಸಲಕ್ಕೆ 30 ಗ್ರಾಂ ಪುಡಿ. ಡಬ್ಬಿಯ ಬೆನ್ನಿನ ಮೇಲಿನ ಸಣ್ಣ ಅಕ್ಷರಗಳ ಪ್ರಕಾರ 100 ಗ್ರಾಂ ಪುಡಿಯಲ್ಲಿ 34 ಗ್ರಾಂ ಪ್ರೋಟೀನ್, ಉಳಿದದ್ದರಲ್ಲಿ ಬಹುಪಾಲು ಸಕ್ಕರೆ ಮತ್ತು ಪಿಷ್ಟ. ಅಂದರೆ ಸಲಕ್ಕೆ ಹತ್ತು ಗ್ರಾಂ, ದಿನಕ್ಕೆ ಇಪ್ಪತ್ತು. ಈ ಲೆಕ್ಕವನ್ನು ನಾನು ಮಾಡಿದ್ದು ಕಾಲು ಸೊರಗಿದ ಮೇಲೆ, ಕುಡಿಯುವಾಗಲ್ಲ. ಕುಡಿಯುವಾಗ ನನಗೆ ಗೊತ್ತಿದ್ದದ್ದು ಇಷ್ಟೇ: ಸ್ನಾಯು ಪ್ರೋಟೀನಿನಿಂದ ಆಗಿದೆ, ನಾನು ಪ್ರೋಟೀನ್ ಕುಡಿಯುತ್ತಿದ್ದೇನೆ, ಆದ್ದರಿಂದ ಸ್ನಾಯುವಿನ ಚಿಂತೆ ನನಗಿಲ್ಲ.

ಆ ಹುಡುಗಿ ಇನ್ನೊಂದು ಪ್ರಶ್ನೆಯನ್ನೂ ಕೇಳಿದಳು. "ಮನಿಗೆ ಕಳಸೋ ಮುಂದ ಒಂದು ಹಾಳಿ ಕೊಟ್ಟಿದ್ವೆಲ್ಲಾ ಮೇಡಂ, ಅದರಾಗಿಂದು ಮಾಡಿದ್ರೇನ್ರೀ?" ನಾನು "ಹೂಂ, ಆಗಾಗ" ಎಂದೆ. ಅದು ಸುಳ್ಳು. ಝೆರಾಕ್ಸ್ ಮಾಡಿದ ಆ ಹಾಳೆ ಎಕ್ಸ್‌ರೇ ಲಕೋಟೆಯೊಳಗೆ ನಾಲ್ಕು ಮಡಿಕೆಯಾಗಿ ಹಾಗೆಯೇ ಇತ್ತು. ಮನೆಗೆ ಬಂದು ಬಿಡಿಸಿ ನೋಡಿದರೆ ಅದರಲ್ಲಿದ್ದದ್ದು ಐದೇ ಚಿತ್ರ: ಕಾಲ್ಬೆರಳು ಮಡಚಿ ಬಿಡುವುದು, ಮೊಣಕಾಲನ್ನು ಹಾಸಿಗೆಗೆ ಒತ್ತಿ ತೊಡೆ ಬಿಗಿ ಹಿಡಿದು ಐದು ಎಣಿಸುವುದು, ಮಲಗಿದಲ್ಲೇ ಕಾಲನ್ನು ನೆಟ್ಟಗೆ ಒಂದು ಗೇಣು ಎತ್ತಿ ಇಳಿಸುವುದು, ಪಕ್ಕಕ್ಕೆ ಹೊರಳಿ ಸೊಂಟದಿಂದ ಕಾಲೆತ್ತುವುದು, ಮತ್ತು ಮುರಿಯದ ಕಾಲಿನಿಂದ ಇವೆಲ್ಲವನ್ನೂ ಇನ್ನಷ್ಟು ಮಾಡುವುದು. ಪ್ಲಾಸ್ಟರ್ ಇದ್ದಾಗಲೂ ಇವು ಯಾವುವೂ ಕಷ್ಟವಲ್ಲ. ಕೊನೆಯ ಚಿತ್ರವಂತೂ ನನಗೆ ಅರ್ಥಹೀನವೆನಿಸಿತ್ತು. ಗಟ್ಟಿಯಿರುವ ಕಾಲಿಗೆ ಮತ್ತೇಕೆ ಕಸರತ್ತು? ಒಂದು ಕಾಲನ್ನು ಪಳಗಿಸಿದರೆ ಕಟ್ಟಿಹಾಕಿದ ಇನ್ನೊಂದು ಕಾಲಿನ ಬಲವೂ ಸ್ವಲ್ಪ ಮಟ್ಟಿಗೆ ಉಳಿಯುತ್ತದೆಂಬುದು ಆಮೇಲೆ ಓದಿ ತಿಳಿದದ್ದು. ಇದು ನರಮಂಡಲದ ಕೆಲಸ, ಸ್ನಾಯುವಿನದಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಸ್ಕ್ರಿಪ್ಚರ್ ಎಂಬ ಮನೋವಿಜ್ಞಾನಿ ಮತ್ತು ಆತನ ಸಂಗಡಿಗರು ಒಂದು ಕೈಗೆ ಅಭ್ಯಾಸ ಕೊಟ್ಟು ಇನ್ನೊಂದು ಕೈಯ ಬಲವೂ ಹೆಚ್ಚಿದ್ದನ್ನು 1894ರಲ್ಲಿಯೇ ಬರೆದಿಟ್ಟಿದ್ದಾರೆ. ನನ್ನ ಲಕೋಟೆಯೊಳಗಿನ ಹಾಳೆಗೆ ನೂರಿಪ್ಪತ್ತು ವರ್ಷಕ್ಕೂ ಹೆಚ್ಚಿನ ವಿದ್ಯೆಯ ಬೆಂಬಲವಿತ್ತು. ಡಬ್ಬಿಗೆ ಇದ್ದದ್ದು ಬಣ್ಣದ ಮುಚ್ಚಳ.

ಇಷ್ಟಾದರೂ ನನ್ನನ್ನು ಬಹಳ ದಿನ ಕಾಡಿದ್ದು ಸೋಮಾರಿತನದ ಪ್ರಶ್ನೆಯಲ್ಲ. ನಾನು ಸೋಮಾರಿಯಾಗಿದ್ದರೆ ಡಬ್ಬಿಯನ್ನೂ ಮರೆಯುತ್ತಿದ್ದೆ. ಒಂದನ್ನು ವ್ರತದಂತೆ ಪಾಲಿಸಿ ಇನ್ನೊಂದನ್ನು ಬಿಡಿಸಿಯೂ ನೋಡದೆ ಇರುವುದು ಹೇಗೆ ಸಾಧ್ಯವಾಯಿತು ಎಂಬುದು ನನ್ನ ಪ್ರಶ್ನೆಯಾಗಿತ್ತು.

ಕಟ್ಟಿದ ಕಾಲಿನ ಊಟ

ನಾನು ಬೆಟಗೇರಿಯ ನೇಕಾರರ ಮನೆಯ ಮಗಳು. ಆದ್ದರಿಂದ ಸ್ನಾಯುವಿನ ಬಗ್ಗೆ ಓದಿದ್ದೆಲ್ಲ ನನಗೆ ಮಗ್ಗದ ರೂಪದಲ್ಲಿಯೇ ಅರ್ಥವಾಯಿತು. ನಮ್ಮ ದೇಹದ ಸ್ನಾಯು ಒಂದು ಸಲ ನೇಯ್ದು ಮಡಚಿಟ್ಟ ಸೀರೆಯಲ್ಲ. ಅದು ಮಗ್ಗದ ಮೇಲೆಯೇ ಇರುವ ಬಟ್ಟೆ. ಒಂದು ತುದಿಯಲ್ಲಿ ಬಿಚ್ಚುತ್ತಿರುತ್ತದೆ, ಇನ್ನೊಂದು ತುದಿಯಲ್ಲಿ ನೇಯುತ್ತಿರುತ್ತದೆ. ದಿನವೊಂದಕ್ಕೆ ಸ್ನಾಯುವಿನ ಪ್ರೋಟೀನಿನಲ್ಲಿ ಶೇಕಡಾ 1ರಿಂದ 2ರಷ್ಟು ಹೀಗೆ ಹಳೆಯದು ಹೋಗಿ ಹೊಸದು ಬರುತ್ತದೆ. ಓಡಾಡಿಕೊಂಡು ಉಂಡುಕೊಂಡು ಇರುವವರಲ್ಲಿ ಎರಡೂ ಸರಿದೂಗುತ್ತವೆ. ಕಾಲನ್ನು ಕಟ್ಟಿಹಾಕಿದಾಗ ಆಗುವ ಮುಖ್ಯ ಬದಲಾವಣೆಯೆಂದರೆ ನೇಯುವ ಕೆಲಸ ನಿಧಾನವಾಗುವುದು. ಇದರಲ್ಲಿ ನನ್ನನ್ನು ತಡೆದು ನಿಲ್ಲಿಸಿದ ಸಂಗತಿಯೊಂದಿದೆ. ಒಬ್ಬನೇ ಮನುಷ್ಯನ ಒಂದು ಕಾಲನ್ನು ಮಾತ್ರ ಕಟ್ಟಿ, ಪ್ರೋಟೀನ್ ಉಣಿಸಿ, ಎರಡೂ ತೊಡೆಗಳಿಂದ ಸಾಸಿವೆಯಷ್ಟು ಸ್ನಾಯು ತೆಗೆದು ಪರೀಕ್ಷಿಸಿದಾಗ, ಕಟ್ಟಿದ ಕಾಲು ಅದೇ ಊಟದಿಂದ ಕಡಿಮೆ ಕಟ್ಟಿಕೊಳ್ಳುವುದು ಕಂಡುಬಂದಿದೆ. ಊಟ ಒಂದೇ, ಹೊಟ್ಟೆ ಒಂದೇ, ಹರಿಯುವ ರಕ್ತವೂ ಒಂದೇ. ಆದರೆ ದುಡಿಯುವ ಕಾಲು ತನ್ನ ಪಾಲನ್ನು ಕೇಳಿ ಪಡೆಯುತ್ತದೆ, ಕಟ್ಟಿದ ಕಾಲು ಕೇಳುವುದಿಲ್ಲ. ಮಗ್ಗದ ಪಕ್ಕದಲ್ಲಿ ನೂಲಿನ ಲಡಿಗಳನ್ನು ಆಳೆತ್ತರಕ್ಕೆ ಒಟ್ಟಿದರೂ, ಕುಣಿಯೊಳಗೆ ಕಾಲು ಬಿಟ್ಟು ಕುಳಿತು ತುಳಿಯುವವನಿಲ್ಲದಿದ್ದರೆ ಬಟ್ಟೆ ಒಂದು ಬೆರಳೂ ಬೆಳೆಯುವುದಿಲ್ಲ.

ಇದು ಎಷ್ಟು ಬೇಗ ಆಗುತ್ತದೆಂಬುದನ್ನು ನೆದರ್ಲೆಂಡ್ಸಿನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದವರು ಆರೋಗ್ಯವಂತ ಹುಡುಗರ ಮೊಣಕಾಲಿಗೆ ಪ್ಲಾಸ್ಟರ್ ಹಾಕಿ ಅಳೆದಿದ್ದಾರೆ. ಐದೇ ದಿನಕ್ಕೆ ತೊಡೆಯ ಮುಂಭಾಗದ ಸ್ನಾಯುವಿನ ಗಾತ್ರ ಶೇಕಡಾ 3.5ರಷ್ಟು, ಬಲ ಶೇಕಡಾ 9ರಷ್ಟು ಇಳಿದಿತ್ತು. ಹದಿನಾಲ್ಕು ದಿನಕ್ಕೆ ಗಾತ್ರದಲ್ಲಿ ಶೇಕಡಾ 8ಕ್ಕೂ ಹೆಚ್ಚು, ಬಲದಲ್ಲಿ ಶೇಕಡಾ 23ರಷ್ಟು ಇಳಿಕೆ. ಬಲವು ಗಾತ್ರಕ್ಕಿಂತ ಎಷ್ಟೋ ಬೇಗ ಹೋಗುತ್ತದೆ. ಕಾಲು ನೋಡಲು ಚೆನ್ನಾಗಿಯೇ ಇರುವಾಗ ಅದು ನಮ್ಮ ಭಾರ ಹೊರುವುದನ್ನು ಮರೆತಿರುತ್ತದೆ. ಅದೇ ಪ್ರಯೋಗಶಾಲೆಯವರು ವಯಸ್ಸಾದ ಗಂಡಸರ ಕಾಲನ್ನು ಐದು ದಿನ ಕಟ್ಟಿ, ದಿನಕ್ಕೆ ಎರಡು ಬಾರಿ 20 ಗ್ರಾಂ ಪ್ರೋಟೀನ್ ಹೆಚ್ಚಿಗೆ ಕೊಟ್ಟು ನೋಡಿದರು. ಕೊಟ್ಟವರಿಗೂ ಕೊಡದವರಿಗೂ ಸ್ನಾಯು ಒಂದೇ ರೀತಿ ಇಳಿಯಿತು. ಇದನ್ನು ಓದಿದ ಸಂಜೆ ನನ್ನ ಐದು ಡಬ್ಬಿಗಳಿಗೆ ಅಗಸಿ, ಗುರೆಳ್ಳು, ಮೆಂತ್ಯ, ಸಾಸಿವೆ ಮತ್ತು ಜೀರಿಗೆ ತುಂಬಿಬಿಟ್ಟೆ. ಬಿಗಿ ಮುಚ್ಚಳದ ಡಬ್ಬಿಗಳು, ಹುಳ ಹಿಡಿಯುವುದಿಲ್ಲ.

ಆದರೆ ಎಲ್ಲಕ್ಕಿಂತ ನನ್ನ ಮನಸ್ಸಿನಲ್ಲಿ ಉಳಿದದ್ದು ಫ್ರಾನ್ಸಿನ ಟುಲೂಸ್ ನಗರದಲ್ಲಿ 2005ರಲ್ಲಿ ನಡೆದ ಪ್ರಯೋಗ. ಬಾಹ್ಯಾಕಾಶಕ್ಕೆ ಹೋಗುವವರ ಕಾಲು ತೂಕವಿಲ್ಲದೆ ಸೊರಗುವುದರಿಂದ, ಅದನ್ನು ಭೂಮಿಯ ಮೇಲೆಯೇ ಅರಿಯಲು ಜನರನ್ನು ವಾರಗಟ್ಟಲೆ ಮಲಗಿಸುವ ಪದ್ಧತಿಯಿದೆ. ಇಲ್ಲಿ ಇಪ್ಪತ್ತನಾಲ್ಕು ಹೆಂಗಸರು ಅರವತ್ತು ದಿನ, ತಲೆ ಆರು ಡಿಗ್ರಿ ಕೆಳಗಿರುವ ಮಂಚದಲ್ಲಿ, ಊಟಕ್ಕೂ ಸ್ನಾನಕ್ಕೂ ಏಳದೆ ಮಲಗಿದರು. ಮೂರು ಗುಂಪು. ಒಂದು ಗುಂಪು ಸುಮ್ಮನೆ ಮಲಗಿತ್ತು. ಇನ್ನೊಂದಕ್ಕೆ ಪ್ರೋಟೀನ್ ಹೆಚ್ಚಿಗೆ ಕೊಟ್ಟರು. ಸುಮ್ಮನೆ ಮಲಗಿದವರಿಗೆ ದೇಹದ ತೂಕದ ಪ್ರತಿ ಕಿಲೋಗೆ ದಿನಕ್ಕೆ ಒಂದು ಗ್ರಾಂ ಇದ್ದರೆ ಇವರಿಗೆ 1.6 ಗ್ರಾಂ. ಮೂರನೆಯ ಗುಂಪು ಮಲಗಿದಲ್ಲೇ ಯಂತ್ರದ ಎದುರು ಕಾಲು ಒತ್ತುವ ಮತ್ತು ಓಡುವ ಕಸರತ್ತು ಮಾಡಿತು. ಅರವತ್ತು ದಿನದ ಕೊನೆಗೆ ಸುಮ್ಮನೆ ಮಲಗಿದವರ ತೊಡೆಯ ಸ್ನಾಯು ಶೇಕಡಾ 21ರಷ್ಟು, ಪ್ರೋಟೀನ್ ತೆಗೆದುಕೊಂಡವರದು ಶೇಕಡಾ 24ರಷ್ಟು ಕಡಿಮೆಯಾಗಿತ್ತು. ಕಸರತ್ತು ಮಾಡಿದವರ ತೊಡೆ ಇದ್ದಂತೆಯೇ ಇತ್ತು. ಮೀನಖಂಡ ಮಾತ್ರ ಅವರದ್ದೂ ಶೇಕಡಾ 8ರಷ್ಟು ಇಳಿದಿತ್ತು. ಉಳಿದವರದು ಸುಮಾರು ಮೂರನೆಯ ಒಂದು ಭಾಗದ ಹತ್ತಿರ ಹೋಗಿತ್ತು. ಪ್ರೋಟೀನಿನ ಗುಂಪಿನವರು ಸುಮ್ಮನೆ ಮಲಗಿದವರಷ್ಟೂ ಉಳಿಸಿಕೊಳ್ಳಲಿಲ್ಲವೆಂಬುದನ್ನು ಓದುವಾಗ ನನಗೆ ಆ ಹೆಂಗಸರ ಬಗ್ಗೆ ಒಂದು ಬಗೆಯ ಬಳಗದ ಭಾವನೆ ಬಂತು.

ಎಲ್ಲ ಪ್ರಯೋಗಗಳೂ ಒಂದೇ ಮಾತು ಹೇಳುವುದಿಲ್ಲ. ಅಮೆರಿಕದ ಗ್ಯಾಲ್ವೆಸ್ಟನ್‌ನಲ್ಲಿ 28 ದಿನ ಮಲಗಿದ ಯುವಕರಿಗೆ ಪ್ರೋಟೀನಿನ ಘಟಕಗಳಾದ ಅವಶ್ಯಕ ಅಮೈನೋ ಆಮ್ಲಗಳನ್ನು ಶರ್ಕರದ ಜೊತೆ ದಿನಕ್ಕೆ ಮೂರು ಸಲ ಕೊಟ್ಟಾಗ ಅವರ ಕಾಲಿನ ಸ್ನಾಯು ಉಳಿಯಿತೆಂದು 2004ರಲ್ಲಿ ವರದಿಯಾಗಿದೆ. ಆದರೆ ಅವರಲ್ಲೂ ಕಾಲಿನ ಬಲ ಇಳಿದೇ ಇತ್ತು, ಉಳಿದವರಿಗಿಂತ ಕಡಿಮೆ ಇಳಿದಿತ್ತು ಅಷ್ಟೇ. ಮೂಲತಃ ಎಷ್ಟು ಉಣ್ಣುತ್ತಿದ್ದರು, ಯಾವ ವಯಸ್ಸು, ಎಷ್ಟು ದಿನ ಎಂಬುದರ ಮೇಲೆ ಉತ್ತರ ಬದಲಾಗುತ್ತದೆ. ಇದನ್ನು ನಾನು ಒಣ ವಿಷಯವೆಂದು ಆಗ ದಾಟಿಬಿಟ್ಟಿದ್ದೆ. ಮರುವರ್ಷ ಅಪ್ಪ ಹಾಸಿಗೆ ಹಿಡಿದಾಗ "ಮೂಲತಃ ಎಷ್ಟು ಉಣ್ಣುತ್ತಿದ್ದರು" ಎಂಬ ಮಾತೇ ಮುಖ್ಯವಾಯಿತು.

ಬೆಟಗೇರಿಯಲ್ಲಿ ಹತ್ತು ದಿನ

ಅಪ್ಪನಿಗೆ ಎಪ್ಪತ್ತೊಂಬತ್ತು. ನ್ಯುಮೋನಿಯಾ ಆಗಿ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬೆಟಗೇರಿಯ ಮನೆಗೆ ಮರಳಿದಾಗ ಜ್ವರವಿರಲಿಲ್ಲ, ಉಸಿರಾಟ ಸರಿಯಿತ್ತು, ಎದೆಯ ಫೋಟೋ ಕೂಡ ತಿಳಿಯಾಗಿತ್ತು. ಎಲ್ಲ ಲೆಕ್ಕದಿಂದಲೂ ಅವರು ಗುಣವಾಗಿದ್ದರು. ಆದರೆ ಪಡಸಾಲೆಯ ಕಟ್ಟಿಗೆ ಖುರ್ಚಿಯಲ್ಲಿ ಕೂರಿಸಿದ ಮೇಲೆ ಏಳಲು ಆಗಲಿಲ್ಲ. ಎರಡೂ ಕೈಯನ್ನು ಖುರ್ಚಿಯ ತೋಳಿಗೆ ಊರಿ, ಹಲ್ಲು ಕಚ್ಚಿ, ಒಂದು ಗೇಣು ಮೇಲೆದ್ದು ಮತ್ತೆ ಕುಸಿದರು. ಎರಡನೆಯ ಸಲವೂ ಹಾಗೆಯೇ ಆಯಿತು. ಮೂರನೆಯ ಸಲ ಅವರು ಪ್ರಯತ್ನಿಸಲಿಲ್ಲ. "ಜ್ವರಾ ಬಿಟ್ಟು ಹೋತು, ಹೋಗೋ ಮುಂದ ಕಾಲೂ ಒಯ್ತು" ಎಂದು ನನ್ನ ಮುಖ ನೋಡದೆ ಹೇಳಿದರು. ಅಣ್ಣ ಹಿಂದಿನಿಂದ ಬಂದು ಕಂಕುಳಿಗೆ ಕೈಹಾಕಿ ಎತ್ತಿದ. ವೈನಿ ತಕ್ಷಣ ಹಾಸಿಗೆ ಹಾಸಿದರು.

ಆ ಹತ್ತು ದಿನಗಳಲ್ಲಿ ಏನು ನಡೆದಿತ್ತೆಂದು ನನಗೆ ಗೊತ್ತಿತ್ತು, ಏಕೆಂದರೆ ಅದರಲ್ಲಿ ನಾನೂ ಇದ್ದೆ. ಅಪ್ಪ ಎದ್ದು ಕೂರಲು ನೋಡಿದಾಗಲೆಲ್ಲ ನಾವು ಮೂವರಲ್ಲಿ ಒಬ್ಬರು "ಏಳಬ್ಯಾಡ್ರಿ, ಮಲಕೋರಿ" ಎಂದಿದ್ದೆವು. ಬಚ್ಚಲಿಗೆ ನಡೆದು ಹೋಗುತ್ತೇನೆಂದರೆ ಮಂಚದ ಪಕ್ಕಕ್ಕೇ ಪಾತ್ರೆ ತಂದಿದ್ದೆವು. ಜ್ವರ ಜೋರಾಗಿದ್ದ ಮೊದಲ ಮೂರು ದಿನ ಅದು ಸರಿಯೇ. ಉಳಿದ ಏಳು ದಿನ ಅದಕ್ಕೆ ಯಾವ ವೈದ್ಯಕೀಯ ಕಾರಣವೂ ಇರಲಿಲ್ಲ. ನಮ್ಮ ಪ್ರೀತಿಯೇ ಕಾರಣ. ಆರೋಗ್ಯವಂತರಾದ ವಯಸ್ಕರನ್ನು, ಸುಮಾರು ಅರವತ್ತೇಳು ವರ್ಷದವರನ್ನು, ಹತ್ತು ದಿನ ಮಲಗಿಸಿ ನೋಡಿದ ಅಮೆರಿಕದ ಅಧ್ಯಯನವೊಂದು 2007ರಲ್ಲಿ ಪ್ರಕಟವಾಗಿದೆ. ಅವರಿಗೆ ಕಾಯಿಲೆಯಿರಲಿಲ್ಲ, ಊಟದಲ್ಲಿ ಶಿಫಾರಸು ಮಾಡಿದಷ್ಟು ಪ್ರೋಟೀನೂ ಇತ್ತು. ಆದರೂ ಹತ್ತು ದಿನದಲ್ಲಿ ಕಾಲುಗಳಿಂದಲೇ ಸುಮಾರು ಒಂದು ಕಿಲೋ ಸ್ನಾಯುಭಾಗ ಹೋಗಿತ್ತು. ಯುವಕರು ಇಷ್ಟನ್ನು ಕಳೆದುಕೊಳ್ಳಲು ವಾರಗಳು ಬೇಕು. ಅಪ್ಪನಿಗೆ ವಯಸ್ಸು ಇನ್ನೂ ಹೆಚ್ಚು, ಮೇಲೆ ಸೋಂಕು ಬೇರೆ. ಸೋಂಕಿದ್ದಾಗ ದೇಹ ತನ್ನ ಸ್ನಾಯುವನ್ನೇ ಒಡೆದು ಖರ್ಚಿಗೆ ಬಳಸಿಕೊಳ್ಳುತ್ತದೆ.

ಊಟದ ಲೆಕ್ಕವನ್ನೂ ಆ ರಾತ್ರಿ ಕುಳಿತು ಬರೆದೆ. ಆಸ್ಪತ್ರೆಯಲ್ಲಿ ಅಪ್ಪ ದಿನವೊಂದಕ್ಕೆ ತೆಗೆದುಕೊಂಡಿದ್ದು: ಎರಡು ಬಟ್ಟಲು ಗಂಜಿ, ಮೂರು ಅರ್ಧ ಕಪ್ ಚಹಾ, ಆರೇಳು ಬಿಸ್ಕೀಟು, ಎಳನೀರು, ರಾತ್ರಿ ಎರಡು ತುತ್ತು ಸಾರನ್ನ. ಎಷ್ಟು ಉದಾರವಾಗಿ ಹಿಡಿದರೂ ಪ್ರೋಟೀನ್ 25 ಗ್ರಾಂ ಮುಟ್ಟಲಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯವರು 2020ರಲ್ಲಿ ಹೇಳಿರುವ ಪ್ರಮಾಣ ಕಿಲೋ ತೂಕಕ್ಕೆ ದಿನಕ್ಕೆ 0.83 ಗ್ರಾಂ, ಅದು ಆರೋಗ್ಯವಂತರಿಗೆ. ಕಾಯಿಲೆಬಿದ್ದ ವೃದ್ಧರಿಗೆ 1.2ರಿಂದ 1.5 ಗ್ರಾಂ ಬೇಕೆಂದು 2013ರಲ್ಲಿ ಯುರೋಪಿನ ಮತ್ತು ಇತರ ದೇಶಗಳ ವೃದ್ಧಾಪ್ಯ ತಜ್ಞರ ಕೂಟವೊಂದು ಶಿಫಾರಸು ಮಾಡಿದೆ. ಅಪ್ಪನ 58 ಕಿಲೋಗೆ ಅದು 70ರಿಂದ 87 ಗ್ರಾಂ. ವಯಸ್ಸಾದ ಸ್ನಾಯುವಿಗೆ ಕಿವಿ ಮಂದ. ಹುಡುಗರ ಸ್ನಾಯು ಒಂದು ಊಟದ ಸಣ್ಣ ಪ್ರಮಾಣದ ಪ್ರೋಟೀನಿಗೂ ಓಗೊಡುತ್ತದೆ, ಮುದುಕರದಕ್ಕೆ ಒಂದು ಹೊತ್ತಿಗೆ 25–30 ಗ್ರಾಂನಷ್ಟು ಜೋರಾಗಿ ಕೂಗಬೇಕು. ನಾವು ಇಡೀ ದಿನಕ್ಕೆ ಅಷ್ಟನ್ನು ಪಿಸುಗುಟ್ಟಿದ್ದೆವು. ನನ್ನ ಕಾಲು ಮುರಿದಾಗ ನಾನು ಹೊಟ್ಟೆತುಂಬ ಉಂಡು ಅದರ ಮೇಲೆ ಡಬ್ಬಿ ಕುಡಿದಿದ್ದೆ. ಅಪ್ಪನಿಗೆ ಡಬ್ಬಿಯ ಅವಶ್ಯಕತೆ ನಿಜವಾಗಿ ಇದ್ದಾಗ ಯಾರೂ ತಂದಿರಲಿಲ್ಲ, ಏಕೆಂದರೆ ಜ್ವರದವರಿಗೆ ಗಂಜಿಯೇ ಹಿತವೆಂದು ನಮಗೆಲ್ಲ ಗೊತ್ತಿತ್ತು.

ಗರಡಿಯ ಲೆಕ್ಕ

ನಮ್ಮ ಮನೆಗಳಲ್ಲಿ ಆರೈಕೆ ಎಂದರೆ ಮಲಗಿಸಿ ಉಣಿಸುವುದು. ಬಾಣಂತನದ ಕತ್ತಲೆಕೋಣೆಯಿಂದ ಹಿಡಿದು ಮುದುಕರ ಜ್ವರದವರೆಗೆ ನಾವು ಕಲಿತ ಆರೈಕೆಯ ರೂಪವೇ ಅದು. ಮಲಗಿಸುವುದೂ ಉಣಿಸುವುದೂ ಒಂದೇ ಕೆಲಸದ ಎರಡು ಕೈಗಳೆಂದು ನಾವು ನಂಬಿದ್ದೇವೆ. ಸ್ನಾಯುವಿನ ಮಟ್ಟಿಗೆ ಅವು ಒಂದನ್ನೊಂದು ಅಳಿಸಿಹಾಕುವ ಕೆಲಸಗಳು ಎಂಬುದು ನಮಗೆ ಹೊಳೆಯುವುದಿಲ್ಲ. ಉಣಿಸುವುದನ್ನು ಮನೆಯವರು ಮಾಡಬಹುದು, ಡಬ್ಬಿಯನ್ನು ದುಡ್ಡು ಕೊಟ್ಟು ತರಬಹುದು, ತಂದು ಕೊಟ್ಟವರಿಗೆ ತೃಪ್ತಿ ಸಿಗುತ್ತದೆ. ಕಾಲೆತ್ತುವುದನ್ನು ಮಾತ್ರ ರೋಗಿಯೇ ಮಾಡಬೇಕು; ಪಕ್ಕದಲ್ಲಿ ನಿಂತವರು ಅವರು ನೋಯುವುದನ್ನು, ಹಲ್ಲು ಕಚ್ಚುವುದನ್ನು ನೋಡುತ್ತ ಸುಮ್ಮನಿರಬೇಕು. ಆ ಹಾಳೆ ನಾಲ್ಕು ಮಡಿಕೆಯಾಗಿ ಉಳಿದದ್ದು ಏಕೆಂಬ ಪ್ರಶ್ನೆಗೆ ನನಗೆ ಅರ್ಧ ಉತ್ತರ ಸಿಕ್ಕಿದ್ದು ಇಲ್ಲಿ. ಆರು ವಾರ ನನ್ನ ಮನೆಗೆ ಬಂದುಹೋದ ನೆಂಟರಲ್ಲಿ, ಓಣಿಯವರಲ್ಲಿ, "ಪುಡಿ ತಗೊಂಡ್ರೇನ್ರೀ" ಎಂದು ಕೇಳದವರಿಲ್ಲ. "ಕಾಲೆತ್ತಿದ್ರೇನ್ರೀ" ಎಂದು ಕೇಳಿದವರೂ ಇಲ್ಲ.

ಉಳಿದರ್ಧ ಉತ್ತರವನ್ನು ಅಪ್ಪನೇ ಕೊಟ್ಟರು. ಮದುವೆಗೆ ಮುಂಚೆ ಅವರು ಗರಡಿಮನೆಯಲ್ಲಿ ಕೆಮ್ಮಣ್ಣು ಮೈಗೆ ಹಚ್ಚಿಕೊಂಡವರು. ದೊಡ್ಡ ಪೈಲವಾನರೇನಲ್ಲ, ಹಗಲೆಲ್ಲ ಮಗ್ಗ, ಬೆಳಗಿನ ಜಾವ ಸಾಮು, ಜಾತ್ರೆಯ ಕಣದಲ್ಲಿ ಒಂದೆರಡು ಜೋಡಿ ಕುಸ್ತಿ. ಡಬ್ಬಿಯ ವಿಷಯ ನಾನು ಎತ್ತಿದಾಗ ಅವರು ಹಾಸಿಗೆಯಲ್ಲೇ ಒಂದು ಸಂಗತಿ ಹೇಳಿದರು. ಅವರ ಗರಡಿಯಲ್ಲಿ ಒಬ್ಬ ಪೈಲವಾನನಿದ್ದನಂತೆ. ಮುಂಜಾನೆ ಸಾವಿರ ಬೈಠಕ್ ತೆಗೆಯುತ್ತಿದ್ದ. ಅದಕ್ಕೆ ತಕ್ಕ ಖುರಾಕು, ಅಂದರೆ ಅರೆದ ಬದಾಮಿ, ತುಂಬಿದ ತಂಬಿಗೆ ಹಾಲು, ಬೆಣ್ಣೆ. "ಭುಜಾ ಉಳುಕ್ತು ಅಂತ ಸಾಮು ಬಿಟ್ಟಾ, ಖುರಾಕು ಬಿಡಲಿಲ್ಲಾ. ಎರಡ ವರ್ಷದಾಗ ಹೊಟ್ಟಿ ಮುಂದ ಬಂತು, ತೊಡಿ ಹಿಂದ ಹೋತು. ಯವ್ವಾ, ಸಾಮು ಕರದ್ರ ಖುರಾಕು ಬರತೈತಿ. ಕರೀಲಿಲ್ಲಂದ್ರ ಅದಕ್ಕ ಎಲ್ಲಿಗೆ ಹೋಗಬೇಕಂತ ಹೆಂಗ ತಿಳೀಬೇಕು?" ಟುಲೂಸಿನ ಅರವತ್ತು ದಿನ, ಎರಡು ತೊಡೆಗಳಿಂದ ತೆಗೆದ ಸಾಸಿವೆಯಷ್ಟು ಸ್ನಾಯು, ಎಲ್ಲವೂ ಆ ಒಂದು ಮಾತಿನೊಳಗೆ ಹಿಡಿಸಿದ್ದವು.

ಗರಡಿಗೆ ಎಲ್ಲವೂ ಗೊತ್ತಿತ್ತೆಂದು ನಾನು ಹೇಳುತ್ತಿಲ್ಲ. ಗರಡಿಯ ಖುರಾಕಿನಲ್ಲಿ ಪ್ರೋಟೀನಿಗಿಂತ ಕೊಬ್ಬೇ ಹೆಚ್ಚು, ಮತ್ತು ಉಳುಕಿದ ಭುಜವನ್ನು ಬಿಟ್ಟು ಕಾಲಿನ ಬೈಠಕ್ ಮುಂದುವರಿಸು ಎಂದು ಆ ಪೈಲವಾನನಿಗೆ ಹೇಳುವವರು ಅಲ್ಲಿ ಯಾರೂ ಇರಲಿಲ್ಲ. ಆದರೆ ಖುರಾಕು ಮತ್ತು ಸಾಮು ಎಂಬ ಎರಡು ಮಾತನ್ನು ಅವರು ಯಾವಾಗಲೂ ಜೊತೆಯಲ್ಲೇ ಆಡುತ್ತಿದ್ದರು. ಅವುಗಳಲ್ಲಿ ಒಂದನ್ನು ಬಿಡಿಸಿ, ಡಬ್ಬಿಯಲ್ಲಿ ತುಂಬಿ, ಕಾಯಿಲೆಯವರ ತಲೆದಿಂಬಿನ ಪಕ್ಕ ಇಡುವ ಕಲ್ಪನೆ ಅವರಿಗೆ ಬಂದಿರಲಿಲ್ಲ.

ಡಬ್ಬಿಗೂ ಒಂದು ಕೆಲಸ

ಹಾಗೆಂದು ಡಬ್ಬಿಯನ್ನು ಬೈದು ಮುಗಿಸುವ ಹಾಗೂ ಇಲ್ಲ. ಸ್ನಾಯು ಬೆಳೆಸಲು ಪ್ರೋಟೀನ್ ಪುಡಿ ಬೇಡವೆಂದು 2024ರಲ್ಲಿ ಬಂದ ರಾಷ್ಟ್ರೀಯ ಆಹಾರ ಮಾರ್ಗಸೂಚಿ ಸ್ಪಷ್ಟವಾಗಿ ಹೇಳಿದೆ, ಮತ್ತು ಮೂರು ಹೊತ್ತು ಚೆನ್ನಾಗಿ ಉಣ್ಣುವ ನನ್ನಂಥವರಿಗೆ ಆ ಮಾತು ಸರಿ. ಆದರೆ ಹಸಿವೆಯೇ ಇಲ್ಲದ, ನಾಲ್ಕು ತುತ್ತಿಗೆ ಸುಸ್ತಾಗುವ, ಹಲ್ಲಿಲ್ಲದ ಎಪ್ಪತ್ತೊಂಬತ್ತರ ಮುದುಕರಿಗೆ 80 ಗ್ರಾಂ ಮುಟ್ಟಿಸುವುದು ಹೇಗೆಂದು ಅಡಿಗೆಮನೆಯಲ್ಲಿ ನಿಂತು ನೋಡಿದವರಿಗೇ ಗೊತ್ತು. ನಾವು ಮೊದಲು ಮೂತ್ರಪಿಂಡದ ಸ್ಥಿತಿ ತಿಳಿಯಲು ಕ್ರಿಯಾಟಿನಿನ್ ಪರೀಕ್ಷೆ ಮಾಡಿಸಿ, ಚಿಕಿತ್ಸೆ ಮಾಡಿದ ವೈದ್ಯರಿಂದ ಹೂಂ ಅನ್ನಿಸಿಕೊಂಡೆವು. ಮೂತ್ರಪಿಂಡ ದುರ್ಬಲವಿದ್ದವರಿಗೆ ಇದೇ ಪ್ರೋಟೀನ್ ತೊಂದರೆ ಕೊಡಬಹುದು.

ಆಮೇಲೆ ವೈನಿ ಮತ್ತು ನಾನು ಕುಳಿತು ನಮ್ಮ ಊಟವನ್ನೇ ಹೊಸದಾಗಿ ನೋಡಿದೆವು. ಆ ಮನೆಯೊಳಗೆ ತತ್ತಿ ಬರುವುದಿಲ್ಲ. ಬೆಳಿಗ್ಗೆ ಕಾಲು ಲೀಟರ್ ಹಾಲು, ಅದು 8 ಗ್ರಾಂ. ಮಧ್ಯಾಹ್ನ ಎರಡು ಬಿಸಿರೊಟ್ಟಿ, ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ 10 ಗ್ರಾಂ. ಒಂದು ಹಿಡಿ ಹೆಸರುಕಾಳಿನ ಪಲ್ಯದಲ್ಲಿ ಅಷ್ಟೇ. ಶೇಂಗಾ ಚಟ್ನಿ ಎರಡು ಚಮಚೆ 5. ಒಂದು ಬಟ್ಟಲು ಗಟ್ಟಿ ಮೊಸರು 6 ಅಥವಾ 7. ಜೋಳದ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಮೈನೋ ಆಮ್ಲ ಕಡಿಮೆ, ಕಾಳುಗಳಲ್ಲಿ ಅದು ಧಾರಾಳ. ರೊಟ್ಟಿಯ ಜೊತೆ ಕಾಳಿನ ಪಲ್ಯ ಬೇಕೇಬೇಕೆನ್ನುವ ನಮ್ಮ ಸೀಮೆಯ ಹಟಕ್ಕೆ ಹೀಗೊಂದು ಕಾರಣವೂ ಸಿಕ್ಕಿತು. ರಾತ್ರಿ ರೊಟ್ಟಿಯ ಬದಲು ಮೆತ್ತಗೆ ಕಲಸಿದ ಅನ್ನ, ದಪ್ಪಬೇಳೆ ಸಾರು, ಝುಣಕ, ಸ್ವಲ್ಪ ಪನೀರು. ಎಲ್ಲ ಕೂಡಿದರೂ 65ರ ಆಸುಪಾಸಿಗೆ ನಿಂತಿತು, ಅದೂ ಅಪ್ಪ ಪೂರ್ತಿ ಉಂಡ ದಿನ. ಉಳಿದ ಜಾಗಕ್ಕೆ ಪುಡಿ ಬಂತು. ಈ ಸಲ ಲೇಬಲ್ ಓದಿ, ಸಕ್ಕರೆಯಿಲ್ಲದ, ಹಾಲಿನ ವೇ ಪ್ರೋಟೀನಿನದ್ದನ್ನು ತಂದೆವು. ಹಾಲು ಒಡೆದು ಗಟ್ಟಿಭಾಗ ತೆಗೆದ ಮೇಲೆ ಉಳಿಯುವ ನೀರಿನಿಂದಲೇ ಅದನ್ನು ಮಾಡುತ್ತಾರೆಂದು ಹೇಳಿದಾಗ ವೈನಿಗೆ ನಂಬಿಕೆಯಾಗಲಿಲ್ಲ. "ಪನೀರ ಮಾಡಿದ ಮ್ಯಾಲ ನಾವು ಚೆಲ್ಲತೀವೆಲ್ಲಾ, ಅದನ್ನs?" ಅದನ್ನೇ. ಅದರಲ್ಲಿ ಲ್ಯೂಸಿನ್ ಎಂಬ ಇನ್ನೊಂದು ಅಮೈನೋ ಆಮ್ಲ ಹೆಚ್ಚು, ಮಂದ ಕಿವಿಯ ಸ್ನಾಯುವನ್ನು ಎಬ್ಬಿಸುವುದು ಮುಖ್ಯವಾಗಿ ಆ ಲ್ಯೂಸಿನ್. ಮರುದಿನದಿಂದ ನಮ್ಮ ಮನೆಯಲ್ಲಿ ಪನೀರಿನ ನೀರು ಬಚ್ಚಲಿಗೆ ಹೋಗುವ ಬದಲು ಹಿಟ್ಟು ನಾದಲು ಬಂತು; ಅದರಲ್ಲಿರುವ ಪ್ರೋಟೀನ್ ಬಹಳ ಸ್ವಲ್ಪ, ಆದರೂ ವೈನಿಯ ಉತ್ಸಾಹಕ್ಕೆ ನಾನು ಅಡ್ಡ ಹೋಗಲಿಲ್ಲ.

ಪುಡಿಯನ್ನು ಯಾವಾಗ ಕೊಡಬೇಕೆಂಬುದನ್ನು ಮಾತ್ರ ನಾನು ಹಟಹಿಡಿದು ನಿರ್ಧರಿಸಿದೆ. ಕಸರತ್ತು ಮುಗಿದ ಮೇಲೆಯೇ ಲೋಟ ಕೈಗೆ ಬರಬೇಕು. ದುಡಿದ ಸ್ನಾಯು ಆಮೇಲೆ ಒಂದು ದಿನದವರೆಗೂ ಪ್ರೋಟೀನನ್ನು ಚೆನ್ನಾಗಿ ಬಳಸಿಕೊಳ್ಳುತ್ತದಾದ್ದರಿಂದ ಹತ್ತು ನಿಮಿಷ ಹಿಂದುಮುಂದಾದರೆ ನಷ್ಟವೇನಿಲ್ಲ. ನಿಯಮ ಅಪ್ಪನ ಸ್ನಾಯುವಿಗಾಗಿ ಅಲ್ಲ, ನಮಗಾಗಿ. ಲೋಟವನ್ನು ಕೊಟ್ಟು ಕರ್ತವ್ಯ ಮುಗಿಯಿತೆಂದು ನಾವು ಕೂತುಬಿಡಬಾರದೆಂದು.

ಅರ್ಧ ಬೈಠಕ್

ಮನೆಗೆ ಬಂದ ಫಿಜಿಯೋಥೆರಪಿಸ್ಟ್ ಗದಗಿನ ಹುಡುಗ, ಮಾತು ಕಡಿಮೆ. ಅವನು ಯಾವ ಯಂತ್ರವನ್ನೂ ತರಲಿಲ್ಲ. ಅಪ್ಪ ಏಳಲಾರದ ಅದೇ ಕಟ್ಟಿಗೆ ಖುರ್ಚಿಯನ್ನು ಗೋಡೆಗೆ ಆನಿಸಿ ಇಟ್ಟು, "ಮನ್ಯಾಗ ಕೌದಿ ಅದಾವೇನ್ರೀ?" ಎಂದು ಕೇಳಿದ. ಬೆಟಗೇರಿಯ ಮನೆಯಲ್ಲಿ ಕೌದಿಗೇನು ಬರ. ಮೂರು ಕೌದಿಗಳನ್ನು ಮಡಚಿ ಒಂದರ ಮೇಲೊಂದು ಖುರ್ಚಿಯಲ್ಲಿಟ್ಟು ಅಪ್ಪನನ್ನು ಅದರ ಮೇಲೆ ಕೂರಿಸಿದ. ಕೂತ ಎತ್ತರ ಹೆಚ್ಚಾದಷ್ಟೂ ಏಳಲು ತೊಡೆಗೆ ಬೀಳುವ ಹೊರೆ ಕಡಿಮೆ. "ಅಜ್ಜಾರ, ಕೈ ಎದಿ ಮ್ಯಾಲ ಇಟಗೋರಿ, ಮೂಗು ಮುಂದ ತರ್ರಿ, ಏಳ್ರಿ." ಅಪ್ಪ ಎದ್ದರು. ಎದ್ದು ನಿಂತು ಸುತ್ತ ನೋಡಿದರು, ಯಾರು ಎತ್ತಿದರೆಂದು ಹುಡುಕುವವರ ಹಾಗೆ. ಅಣ್ಣ ಹಿಂದೆ ಕೈ ಚಾಚಿಕೊಂಡೇ ನಿಂತಿದ್ದ; ಮುಟ್ಟಿರಲಿಲ್ಲ.

"ಕೂಡೋ ಮುಂದ ಧಪ್ಪನ ಬೀಳಬ್ಯಾಡ್ರಿ, ಮೂರು ಎಣಿಸಿ ಕೂಡ್ರಿ" ಎಂದ ಹುಡುಗ. ಇಳಿಯುವಾಗಲೂ ಸ್ನಾಯು ದುಡಿಯುತ್ತದೆ, ಅದನ್ನು ಪುಕ್ಕಟೆ ಬಿಡಬಾರದೆಂಬುದು ಅವನ ವಾದ. ಅಪ್ಪ ಎಣಿಸುತ್ತ ಕೂತು, ಒಂದು ಕ್ಷಣ ಸುಮ್ಮನಿದ್ದು, "ತಮ್ಮಾ, ಇದು ಅರ್ಧಾ ಬೈಠಕ್ ಅಲ್ಲೇನು?" ಎಂದರು. ಹುಡುಗ ನಕ್ಕ. ಅವನಿಗೆ ಬೈಠಕ್ ಗೊತ್ತಿತ್ತು, ಅಪ್ಪ ತೆಗೆದ ಬೈಠಕ್‌ಗಳ ಸಂಖ್ಯೆ ಗೊತ್ತಿರಲಿಲ್ಲ. ಅಂದಿನಿಂದ ಮನೆಯಲ್ಲಿ ಯಾರೂ ಅದನ್ನು ವ್ಯಾಯಾಮವೆನ್ನಲಿಲ್ಲ. ಮುಂಜಾನೆ ಎಂಟಕ್ಕೆ, ಸಂಜೆ ಐದಕ್ಕೆ ಅಪ್ಪ "ಸಾಮು ಮಾಡೂಣೇನವಾ" ಎಂದು ತಾವೇ ಕೇಳಲು ತೊಡಗಿದರು. ಮೊದಲ ವಾರ ಮೂರು ಕೌದಿಯ ಮೇಲೆ ಐದು ಸಲ. ಎರಡನೆಯ ವಾರ ಎಂಟು, ನಡುವೆ ಪಡಸಾಲೆಯಿಂದ ಹಿತ್ತಲವರೆಗೆ ಗೋಡೆ ಹಿಡಿದು ನಡಿಗೆ. ಎಂಟು ಸಲ ಸಲೀಸಾಗಿ ಆದಾಗ ಹುಡುಗ ಒಂದು ಕೌದಿ ತೆಗೆಯುತ್ತಿದ್ದ, ಮತ್ತೆ ಐದಕ್ಕೆ ಇಳಿಯುತ್ತಿದ್ದೆವು. ಮೊದಲ ಕೌದಿ ತೆಗೆದ ದಿನ ವೈನಿ ಅದನ್ನು ಹಿಂದಿನಿಂದ ಮೆಲ್ಲಗೆ ಮತ್ತೆ ಸೇರಿಸಲು ನೋಡಿದ್ದರು, ಪಾಪ ಮಾವನವರಿಗೆ ಕಷ್ಟವಾದೀತೆಂದು. ಅಪ್ಪನೇ ಕೈಯಿಂದ ತಡೆದರು.

ನಾನು ವಾರಕ್ಕೊಮ್ಮೆ ಧಾರವಾಡದಿಂದ ಹೋಗುತ್ತಿದ್ದೆ. ಹೋದಾಗಲೆಲ್ಲ ಅಪ್ಪನ ಜೊತೆ ನಾನೂ ಇನ್ನೊಂದು ಖುರ್ಚಿ ಹಾಕಿಕೊಂಡು ಎದ್ದು ಕೂರುತ್ತಿದ್ದೆ, ಏಕೆಂದರೆ ವರ್ಷ ಕಳೆದರೂ ನನ್ನ ಎಡ ಮೀನಖಂಡ ಇನ್ನೂ ಒಂದು ಸೆಂಟಿಮೀಟರ್ ಹಿಂದೆಯೇ ಇತ್ತು. ಹೋಗಲು ಆರು ವಾರ ಸಾಕಾಗಿತ್ತು. ಬರಲು ಒಂದು ವರ್ಷ ಸಾಲದಾಗಿತ್ತು. ಆ ಹಳೆಯ ಹಾಳೆಯನ್ನೂ ಲಕೋಟೆಯಿಂದ ತೆಗೆದು ಒಯ್ದಿದ್ದೆ. ಮಡಿಕೆಯ ಗೆರೆಗಳಲ್ಲಿ ಅಕ್ಷರ ಅಳಿಸಿದ್ದವು. ಅಪ್ಪ ಕನ್ನಡಕ ಹಾಕಿಕೊಂಡು ಐದೂ ಚಿತ್ರಗಳನ್ನು ನೋಡಿ, "ಇದು ನಿನಗ ಕೊಟ್ಟಿದ್ರಾ?" ಎಂದರು. ಹೌದೆಂದೆ. ಬೇರೇನೂ ಕೇಳಲಿಲ್ಲ.

ಒಂಬತ್ತನೆಯ ವಾರ ಕೊನೆಯ ಕೌದಿ ತೆಗೆದರು. ಬರಿ ಕಟ್ಟಿಗೆಯ ಮೇಲೆ ಕೂತು ಅಪ್ಪ ಪಾದಗಳನ್ನು ಹಿಂದಕ್ಕೆ ಎಳೆದುಕೊಂಡರು, ಕೈಗಳನ್ನು ಎದೆಯ ಮೇಲೆ ಅಡ್ಡ ಹಾಕಿದರು. ಮೊದಲನೆಯದು ಬಂತು. ಎರಡು, ಮೂರು. ನಾಲ್ಕನೆಯದಕ್ಕೆ ತೊಡೆ ನಡುಗಿದ್ದು ಧೋತರದ ಮೇಲಿಂದಲೂ ಕಂಡಿತು. ಐದನೆಯದಕ್ಕೆ ಅರ್ಧ ಎದ್ದು, ಅಲ್ಲೇ ತಡೆದು, ಮೂರು ಎಣಿಸಿಯೇ ಕೂತರು. ಗೋಡೆಯ ಕ್ಯಾಲೆಂಡರಿನಲ್ಲಿ ದಿನದ ಲೆಕ್ಕ ಬರೆಯುವುದು ನನ್ನ ಕೆಲಸ. ನಾನು ನಾಲ್ಕು ಎಂದು ಬರೆಯಲು ಪೆನ್ನು ಎತ್ತಿದೆ.

"ನಾಲ್ಕೂವರಿ ಅಂತ ಬರಿ," ಎಂದು ಹೇಳಿ ಅಪ್ಪ ಲೋಟಕ್ಕೆ ಕೈ ಚಾಚಿದರು.